ಆಟೋಪೈಲಟ್ ಇದೆಯಲ್ಲ, ನಿಮಗೇನು ಕೆಲಸ?

ಮೊನ್ನೆ ಡೊಂಬಿವಲಿಯಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಉಡುಪಿ ಕಡೆಯವರು. ನಾನು ಇಪ್ಪತ್ತೆರಡು ವರ್ಷ ಹಡಗಿನಲ್ಲಿದ್ದವನು ಅಂತ ಯಾರೋ ಹೇಳಿದ್ದೇ ತಡ, ಸಾರನ್ನ ಕಲಸುತ್ತಲೇ ಶುರು ಮಾಡಿದರು. "ಈಗೆಲ್ಲ ಆಟೋಪೈಲಟ್ ಅಲ್ವಾ ಮಾರಾಯ್ರೆ? ಬಟನ್ ಒತ್ತಿ ಮಲಗಿದ್ರಾಯ್ತು. ನಿಮಗೇನು ಕೆಲಸ? ಅಷ್ಟಿದ್ದೂ ಅಮೆರಿಕಕ್ಕೆ ಹೋಗಿ ಸೇತುವೆಗೆ ಗುದ್ದಿದ್ರಲ್ಲ ನಮ್ಮವರು!"

ಪಂಕ್ತಿಯಲ್ಲಿ ನಾಲ್ಕಾರು ಜನ ನಕ್ಕರು. ನಾನೂ ಹಲ್ಲು ಕಿರಿದೆ. ಬೇರೆಯವರ ಮನೆಯ ಶುಭಕಾರ್ಯ, ಎಲೆ ಮುಂದೆ ಕೂತು ಜಗಳ ಆಡುವುದಕ್ಕಾಗುತ್ತದೆಯೇ? ಆದರೆ ವಾಪಸು ಬರುವಾಗ ಲೋಕಲ್ ಟ್ರೇನಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಆ ಸೇತುವೆಯ ಸಂಗತಿ. 2024ರ ಮಾರ್ಚ್ 26ರ ನಡುರಾತ್ರಿ ಬಾಲ್ಟಿಮೋರ್ ಬಂದರಿನಿಂದ 'ಡಾಲಿ' ಎಂಬ ಕಂಟೇನರ್ ಹಡಗು ಹೊರಟಿತು. ಉದ್ದ ಸುಮಾರು 300 ಮೀಟರ್. ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ದಾರಿ ತೋರಿಸಲು ಅಲ್ಲಿನದೇ ಇಬ್ಬರು ಪೈಲಟ್‌ಗಳು ಹಡಗಿನಲ್ಲಿದ್ದರು. ಸೇತುವೆ ಇನ್ನೇನು ಹತ್ತಿರ ಬಂತು ಅನ್ನುವಾಗ ಹಡಗಿನ ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಕರೆಂಟಿಲ್ಲದ ಅಂಥ ಹಡಗಿಗೆ ಎಂಜಿನ್ನೂ ಇಲ್ಲ, ನೆಟ್ಟಗೆ ಚುಕ್ಕಾಣಿಯೂ ಇಲ್ಲ. ಅಲ್ಲಿ ಆಟೋಪೈಲಟ್ಟಿನ ಪ್ರಶ್ನೆಯೇ ಬರುವುದಿಲ್ಲ ಸ್ವಾಮಿ. ಇದ್ದ ನಾಲ್ಕು ನಿಮಿಷದಲ್ಲಿ ಲಂಗರು ಬಿಟ್ಟರು, ರೇಡಿಯೋದಲ್ಲಿ ಕೂಗಿಕೊಂಡರು. ಆ ಕೂಗಿನಿಂದಾಗಿಯೇ ಪೊಲೀಸರು ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆದರು, ಎಷ್ಟೋ ಜೀವ ಉಳಿಯಿತು. ಉಳಿಯದೇ ಹೋದವರು 6 ಜನ. ಸೇತುವೆಯ ಮೇಲೆ ರಾತ್ರಿಪಾಳಿಯಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಕೂಲಿಕಾರರು. ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಊರು ಬಿಟ್ಟು ಬಂದವರ ಪಾಡು ಏನು ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಬೆಳಗಾಗುವಷ್ಟರಲ್ಲಿ ತೀರ್ಪು ಬಂದಿತ್ತು. ಲಂಗೋಟಿ ಉಟ್ಟ ಭಾರತೀಯರು ಹಡಗಿನೊಳಗೆ ಬೊಬ್ಬೆ ಹೊಡೆಯುತ್ತಿರುವ ಕಾರ್ಟೂನು ಇಂಟರ್ನೆಟ್ ತುಂಬ ಓಡಾಡಿತು. ಅಮೆರಿಕದವರು ನಕ್ಕರು, ಸರಿ. ಅದನ್ನೇ ನಮ್ಮವರೂ ಫಾರ್ವರ್ಡ್ ಮಾಡಿದರಲ್ಲ, ಅದಕ್ಕೇನು ಹೇಳೋಣ? 2025ರ ನವೆಂಬರಿನಲ್ಲಿ ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ತನಿಖೆ ಮುಗಿಸಿ ಹೇಳಿದ್ದೇನು ಗೊತ್ತೇ? ಒಂದು ವೈರು. ಅದರ ತುದಿಗೆ ಸುತ್ತಿದ್ದ ಹೆಸರಿನ ಪಟ್ಟಿ ಅಡ್ಡ ಬಂದು ವೈರು ತನ್ನ ಜಾಗದಲ್ಲಿ ಪೂರ್ತಿ ಕೂತಿರಲಿಲ್ಲ. ಅದು ಸಡಿಲವಾಯಿತು, ಕರೆಂಟು ಹೋಯಿತು. ಎರಡನೇ ಸಲ ಹೋದದ್ದಕ್ಕೆ ಕಾರಣ ಬೇರೆ: ಜನರೇಟರಿಗೆ ಇಂಧನ ಕೊಡಲು, ನಿಂತರೆ ತಾನಾಗಿ ಮತ್ತೆ ಶುರುವಾಗದ ಪಂಪೊಂದನ್ನು ಬಳಸುತ್ತಿದ್ದರು. ಅದು ಹಡಗಿನವರ ತಪ್ಪು ರೂಢಿಯೇ, ಮುಚ್ಚಿಡುವುದಿಲ್ಲ. ಆದರೆ ಆ ರೂಢಿಯನ್ನು ಕಂಡುಹಿಡಿದು ನಿಲ್ಲಿಸಬೇಕಾದವರು ದಡದ ಮೇಲಿನ ಆಫೀಸಿನವರು. ಅವರ ಮೇಲ್ವಿಚಾರಣೆ ಸಾಲದು ಅಂತಲೂ ಮಂಡಳಿ ಹೇಳಿದೆ. ಈ ವರದಿಯನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಾಣೆ.

ನನ್ನ ವಾದ ಇಷ್ಟೇ. ಹಡಗು ದಾರಿ ತಪ್ಪಿದಾಗಲೆಲ್ಲ 'ಮಾನವ ದೋಷ' ಅನ್ನುವ ಒಂದು ಪದ ಬಿಸಾಕಿ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಆ ಮಾನವನ ಕೈಯಿಂದ ಚುಕ್ಕಾಣಿ ಕಿತ್ತುಕೊಂಡವರು ಯಾರು, ಅವನ ನಿದ್ದೆ ಕಿತ್ತುಕೊಂಡವರು ಯಾರು, ಅವನ ಪಕ್ಕದಲ್ಲಿ ನಿಲ್ಲಬೇಕಿದ್ದ ಇನ್ನೊಬ್ಬನನ್ನು ಮನೆಗೆ ಕಳಿಸಿದವರು ಯಾರು? ಇದನ್ನು ಕೇಳುವವರಿಲ್ಲ.

ಚುಕ್ಕಾಣಿ ಅಂದೆ. ಕನ್ನಡ ಪೇಪರಿನಲ್ಲಿ ದಿನ ಬೆಳಗಾದರೆ ಕಾಣುವ ಪದ. ಪಕ್ಷದ ಚುಕ್ಕಾಣಿ, ಸಂಘದ ಚುಕ್ಕಾಣಿ, ಸಹಕಾರಿ ಬ್ಯಾಂಕಿನ ಚುಕ್ಕಾಣಿ! ಮೂಲ ಅರಬ್ಬಿಯ 'ಸುಕ್ಕಾನ್'. ಹಡಗಿನ ವೀಲ್ ಹಿಡಿಯುವವನನ್ನು ನಮ್ಮ ಹಳೆಯ ಖಲಾಸಿಗಳು 'ಸುಕ್ಕಾಣಿ' ಅಂತಲೇ ಕರೆಯುತ್ತಿದ್ದರು. ಅಂದರೆ ಅದೊಂದು ಕಸುಬಿನ ಹೆಸರು. ಆ ಮನುಷ್ಯನ ಕಸುಬು ಅಳಿಸಿಹೋಗುತ್ತಾ ಬಂದಿದೆ, ಪದ ಮಾತ್ರ ರಾಜಕಾರಣಿಗಳ ಪಾಲಿಗೆ ಉಳಿದಿದೆ.

ಆಟೋಪೈಲಟ್ ಅಂದರೆ ಏನು ಅಂತ ಗೊತ್ತಿಲ್ಲದೆ ಅದರ ಬಗ್ಗೆ ಮಾತಾಡುವವರೇ ಜಾಸ್ತಿ. ಅದಕ್ಕೆ ಕಣ್ಣಿಲ್ಲ. ಮುಂದೆ ಬಂಡೆ ಇದೆಯೋ ಮೀನುಗಾರರ ದೋಣಿ ಇದೆಯೋ ಅದಕ್ಕೆ ತಿಳಿಯದು. ಸಾಮಾನ್ಯ ಆಟೋಪೈಲಟ್ಟಿಗೆ ಹಡಗು ಎಲ್ಲಿದೆ ಅನ್ನುವುದೂ ತಿಳಿಯದು. ನೀವು 90 ಡಿಗ್ರಿ, ಅಂದರೆ ನೇರ ಪೂರ್ವಕ್ಕೆ ಅಂತ ಹೇಳಿಟ್ಟರೆ, ಅದು ಜೈರೋ ಕಂಪಾಸನ್ನು ಕೇಳುತ್ತದೆ: 'ಈಗ ಮೂತಿ ಎತ್ತ ಇದೆ?' ಜೈರೋ '92' ಅಂದರೆ ಚುಕ್ಕಾಣಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ 90ಕ್ಕೆ ತರುತ್ತದೆ. ಅಷ್ಟೇ ಅದರ ಬುದ್ಧಿ. ನೀರಿನ ಸೆಳೆತ ಹಡಗನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತಿದ್ದರೂ ಮೂತಿ ಪೂರ್ವಕ್ಕಿದ್ದರೆ ಅದಕ್ಕೆ ಸಮಾಧಾನ.

ಹಾಗಾದರೆ ಜೈರೋ ಸುಳ್ಳು ಹೇಳಿದರೆ?

ಇಲ್ಲೇ ಇರುವುದು ನೋಡಿ ವಿಷಯ. ಜೈರೋ ಕಂಪಾಸಿನ ಒಳಗೆ ವೇಗವಾಗಿ ಸುತ್ತುವ ಒಂದು ಚಕ್ರ ಇರುತ್ತದೆ. ಭೂಮಿಯ ತಿರುಗುವಿಕೆಗೆ ಹೊಂದಿಕೊಂಡು ಅದು ನಿಜವಾದ ಉತ್ತರವನ್ನು ಹಿಡಿದು ನಿಲ್ಲುತ್ತದೆ. ಶುರು ಮಾಡಿದರೆ ನೆಟ್ಟಗಾಗಲು ಗಂಟೆಗಟ್ಟಲೆ ಬೇಕು. ಕರೆಂಟು ಬೇಕು. ಅದು ಧಡ್ ಅಂತ ಕೆಟ್ಟರೆ ಅಲಾರ್ಮ್ ಹೊಡೆಯುತ್ತದೆ, ತೊಂದರೆಯಿಲ್ಲ. ಆದರೆ ಒಮ್ಮೊಮ್ಮೆ ನಿಧಾನವಾಗಿ, ಕಳ್ಳನ ಹಾಗೆ ಜಾರುತ್ತದೆ. ಆಗ ಆಟೋಪೈಲಟ್ಟೂ ಅದರ ಹಿಂದೆಯೇ ಜಾರುತ್ತದೆ. ಮುಂದಿರುವ ಡಯಲ್ಲಿನಲ್ಲಿ ಮಾತ್ರ 90, 90, 90. ದಿಕ್ಕು ತಪ್ಪಿದರೆ ಹೊಡೆಯಬೇಕಾದ ಅಲಾರ್ಮ್ ಕೂಡ ಅದೇ ಜೈರೋವನ್ನು ಕೇಳಿ ತೆಪ್ಪಗಿರುತ್ತದೆ. ಕಳ್ಳನ ಹತ್ತಿರವೇ 'ಕಳ್ಳತನ ಆಯಿತೇನಪ್ಪಾ' ಅಂತ ಕೇಳಿದ ಹಾಗೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. 1991ರ ಡಿಸೆಂಬರ್. ಪಣಂಬೂರಿನಿಂದ ಕುದುರೆಮುಖದ ಅದಿರು ತುಂಬಿಕೊಂಡು ಹೊರಟಿದ್ದೆವು. ಶ್ರೀಲಂಕಾ ದಾಟಿ ನೇರ ಪೂರ್ವಕ್ಕೆ, ಮಲಾಕ್ಕಾ ಕಡೆಗೆ. ನಾನು ಸೆಕೆಂಡ್ ಆಫೀಸರ್, ರಾತ್ರಿ 12ರಿಂದ 4ರ ವಾಚ್ ನನ್ನದು. ಜೊತೆಗಿದ್ದವರು ಗಂಗೊಳ್ಳಿ ಕಡೆಯ ಒಬ್ಬ ಸೀನಿಯರ್ ಎ.ಬಿ. ಹಡಗಿಗೆ ಬರುವ ಮುಂಚೆ ಅಪ್ಪನ ಜೊತೆ ಮೀನಿಗೆ ಹೋಗುತ್ತಿದ್ದವರು. ಆಟೋಪೈಲಟ್ ಹಾಕಿದ್ದರೂ ಅವರು ಕೂರುತ್ತಿರಲಿಲ್ಲ. ಬ್ರಿಜ್ಜಿನ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯ, ಹೊರಗಿನ ರೆಕ್ಕೆಯ ಮೇಲೆ ನಿಂತು ಕತ್ತಲೆ ನೋಡುತ್ತಿರುತ್ತಿದ್ದರು.

ಮೂರು ಗಂಟೆಯ ಹತ್ತಿರ ಒಳಗೆ ಬಂದು, ನಮ್ಮಿಬ್ಬರದೇ ಆದ ಭಾಷೆಯಲ್ಲಿ ಮೆಲ್ಲಗೆ ಹೇಳಿದರು: "ಸಾಬ್, ಎಂತದೋ ಸಮ ಇಲ್ಲೆ. ಆ ನಕ್ಷತ್ರ ಕಾಣಿ, ಎಡಕ್ ಬಂತ್."

ಚಿತ್ತಾ ನಕ್ಷತ್ರ. ಹುಟ್ಟುವಾಗ ಮುಂದಿನ ಕಂಬದ ಬಲಕ್ಕೆ ಒಂದು ಮುಷ್ಟಿಯಷ್ಟು ದೂರದಲ್ಲಿತ್ತು. ಈಗ ಎಡಕ್ಕೆ ಎರಡು ಬೆರಳಿನಷ್ಟು ಹೋಗಿದೆ. ಆ ಅಕ್ಷಾಂಶದಲ್ಲಿ ಪೂರ್ವದ ನಕ್ಷತ್ರ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಬೇಕು, ಹೀಗೆ ಪಕ್ಕಕ್ಕೆ ನಡೆಯುವುದಿಲ್ಲ. ಡಯಲ್ ನೋಡಿದೆ, 90. ಅಲಾರ್ಮ್ ಇಲ್ಲ. ಬ್ರಿಜ್ಜಿನ ತಾರಸಿಯ ಮೇಲೆ ಅಯಸ್ಕಾಂತದ ಕಂಪಾಸ್ ಇರುತ್ತದೆ, ಒಂದು ಕೊಳವೆ, ಕನ್ನಡಿಯ ಮೂಲಕ ಅದನ್ನು ಒಳಗಿನಿಂದಲೇ ಓದಬಹುದು. ಓದಿದೆ. ಲೆಕ್ಕ ಹಾಕಿದೆ. ಹದಿನಾಲ್ಕು ಡಿಗ್ರಿ ವ್ಯತ್ಯಾಸ! ನಾವು ಪೂರ್ವಕ್ಕೆ ಹೋಗುತ್ತಿದ್ದೇವೆ ಅಂದುಕೊಂಡು ಆಗ್ನೇಯದ ಕಡೆ ತಿರುಗುತ್ತಿದ್ದೆವು.

ಕೂಡಲೇ ಆಟೋಪೈಲಟ್ ತೆಗೆದು ಕೈಯಲ್ಲಿ ವೀಲ್ ಹಿಡಿಸಿದೆ. ಕ್ಯಾಪ್ಟನ್ನರನ್ನು ಎಬ್ಬಿಸಿದೆ. ಬೆಳಗಿನವರೆಗೆ ಆ ಗಂಗೊಳ್ಳಿಯವರೂ ಇನ್ನೊಬ್ಬರೂ ಸರದಿಯಲ್ಲಿ ಅಯಸ್ಕಾಂತದ ಕಂಪಾಸ್ ನೋಡಿಕೊಂಡೇ ಹಡಗು ನಡೆಸಿದರು. ನಡು ಸಮುದ್ರವಾದ್ದರಿಂದ ಏನೂ ಆಗಲಿಲ್ಲ. ಅದೇ ಮರುದಿನ ರಾತ್ರಿ, ಸುಮಾತ್ರಾದ ತುದಿಯ ಹತ್ತಿರ ಆಗಿದ್ದರೆ? ನೀವು ನನ್ನ ಹೆಸರನ್ನೂ ಪೇಪರಿನಲ್ಲಿ ಓದುತ್ತಿದ್ದಿರಿ. 'ಮಾನವ ದೋಷ' ಅಂತ.

ಈಗ ನನ್ನದೇ ಪಾಲಿನ ಸುಳ್ಳನ್ನೂ ಒಪ್ಪಿಕೊಂಡುಬಿಡುತ್ತೇನೆ. ಪ್ರತಿ ವಾಚಿನಲ್ಲೂ ಸಾಧ್ಯವಾದಾಗಲೆಲ್ಲ ಸೂರ್ಯನನ್ನೋ ನಕ್ಷತ್ರವನ್ನೋ ಗುರಿಹಿಡಿದು ಕಂಪಾಸ್ ಎಷ್ಟು ತಪ್ಪು ತೋರಿಸುತ್ತಿದೆ ಅಂತ ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಕಷ್ಟದ ಕೆಲಸವಲ್ಲ. ಸೂರ್ಯ ಹುಟ್ಟುವಾಗ ಮುಳುಗುವಾಗ ಆದರೆ ಐದು ನಿಮಿಷದ ಲೆಕ್ಕ. ಕ್ಯಾಪ್ಟನ್ ಆ ಪುಸ್ತಕ ತೆಗೆದು ನೋಡಿದರು. ಹಿಂದಿನ ನಾಲ್ಕು ದಿನವೂ ಎಲ್ಲ ವಾಚಿನಲ್ಲೂ ಒಂದೇ ಅಂಕಿ, ಒಂದು ಡಿಗ್ರಿ. ಅದರಲ್ಲಿ ನನ್ನ ಅಕ್ಷರವೂ ಇತ್ತು. ಬಂದರಿನಲ್ಲಿ ಎರಡು ರಾತ್ರಿ ಲೋಡಿಂಗ್ ನೋಡಿಕೊಂಡು ನಿದ್ದೆಗೆಟ್ಟಿದ್ದೆ. ಮೇಲಿನ ಸಾಲು ನೋಡಿ ಕೆಳಗಿನ ಸಾಲು ಬರೆದಿದ್ದೆ. ಆ ಜೈರೋಗೆ ಬಿಡಿಭಾಗ ಬೇಕು ಅಂತ ಹಡಗಿನಿಂದ ಆಫೀಸಿಗೆ ಮೂರು ಸಲ ಟೆಲೆಕ್ಸ್ ಹೋಗಿತ್ತು. ಉತ್ತರ ಬಂದಿರಲಿಲ್ಲ. ಆದರೆ ಈ ಘಟನೆಯ ವರದಿ ಹೋದ ಮೂರೇ ದಿನಕ್ಕೆ ಉತ್ತರ ಬಂತು: 'ಕಂಪಾಸ್ ದೋಷವನ್ನು ಮೊದಲೇ ಏಕೆ ಪತ್ತೆ ಹಚ್ಚಲಿಲ್ಲ, ವಿವರಣೆ ಕೊಡಿ.' ಕೇಳಿದ್ದು ತಪ್ಪಲ್ಲ. ಆದರೆ ಮೂರು ಟೆಲೆಕ್ಸಿನ ಬಗ್ಗೆ ವಿವರಣೆ ಕೊಡುವವರು ಯಾರು?

ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದೆರಡು ವರ್ಷದಲ್ಲಿ ಅದೇ ಕಂಪನಿ 'ಈಗ ಯಂತ್ರಗಳೇ ಎಲ್ಲ ಮಾಡುತ್ತವೆ' ಅಂತ ಹಡಗಿಗೆ ಇಷ್ಟು ಜನ ಎಂದಿದ್ದ ಖಲಾಸಿಗಳ ಸಂಖ್ಯೆ ಕಡಿಮೆ ಮಾಡಿತು. ಮೊದಲು ಹೋದವರು ಆ ಗಂಗೊಳ್ಳಿಯವರಂಥ ವಯಸ್ಸಾದವರು. ಯಂತ್ರದ ಸುಳ್ಳನ್ನು ಹಿಡಿದವರನ್ನೇ, ಯಂತ್ರ ಇದೆ ಅನ್ನುವ ನೆಪದಲ್ಲಿ ಮನೆಗೆ ಕಳಿಸಿದರು.

ಇದು ನನ್ನೊಬ್ಬನ ಅಳಲು ಅಂದುಕೊಳ್ಳಬೇಡಿ. ಲೋಕಕ್ಕೆಲ್ಲ ಗೊತ್ತಿರುವ ಕೆಲವು ಪ್ರಕರಣ ಹೇಳುತ್ತೇನೆ.

1967ರ ಮಾರ್ಚ್ 18. 'ಟೋರಿ ಕ್ಯಾನ್ಯನ್' ಎಂಬ ತೈಲದ ಹಡಗು ಕುವೈತಿನಿಂದ ಸುಮಾರು 1 ಲಕ್ಷ 19 ಸಾವಿರ ಟನ್ ಕಚ್ಚಾ ತೈಲ ಹೊತ್ತು ಇಂಗ್ಲೆಂಡ್ ಬಳಿಗೆ ಬಂದಿತ್ತು. ವೇಲ್ಸಿನ ಮಿಲ್ಫರ್ಡ್ ಹೇವನ್ ಬಂದರಿಗೆ ರಾತ್ರಿಯ ಭರತದ ಹೊತ್ತಿಗೆ ಮುಟ್ಟದಿದ್ದರೆ ದಿನಗಟ್ಟಲೆ ಕಾಯಬೇಕು. ಆ ಅವಸರದಲ್ಲಿ ಕ್ಯಾಪ್ಟನ್ ಪಾಸ್ಟ್ರೆಂಗೊ ರುಜಿಯಾತಿ ಸಿಲಿ ದ್ವೀಪಗಳಿಗೂ 'ಸೆವೆನ್ ಸ್ಟೋನ್ಸ್' ಬಂಡೆಗಳಿಗೂ ನಡುವಿನ ಇಕ್ಕಟ್ಟಿನ ದಾರಿ ಹಿಡಿದರು. ಕೊನೆಗಳಿಗೆಯಲ್ಲಿ ತಿರುಗಿಸು ಅಂತ ಕೂಗಿದರು. ವೀಲ್ ತಿರುಗಿತು, ಹಡಗು ತಿರುಗಲಿಲ್ಲ! ಆಟೋಪೈಲಟ್ಟೋ ಕೈಯೋ ಅಂತ ಆರಿಸುವ ಹಿಡಿಕೆಗೆ ಮೂರನೆಯದೊಂದು ಸ್ಥಾನವೂ ಇತ್ತು. ಹಿಡಿಕೆ ಅಲ್ಲಿಗೆ ಹೋದರೆ ವೀಲಿಗೂ ಚುಕ್ಕಾಣಿಗೂ ಸಂಬಂಧವೇ ಕಡಿದುಹೋಗುತ್ತದೆ. ಹಿಡಿಕೆ ಅಲ್ಲಿತ್ತು. ಫ್ಯೂಸ್ ಹೋಗಿರಬೇಕು ಅಂತ ಕ್ಯಾಪ್ಟನ್ ಮೊದಲು ಅಂದುಕೊಂಡರು. ಹಿಡಿಕೆ ಕಣ್ಣಿಗೆ ಬಿದ್ದಾಗ ತಡವಾಗಿತ್ತು. ಹಡಗು ಬಂಡೆ ಹತ್ತಿತು, ಕಾರ್ನ್‌ವಾಲ್ ತೀರವೆಲ್ಲ ಎಣ್ಣೆಯಾಯಿತು. ಲೈಬೀರಿಯಾದ ವಿಚಾರಣೆಯಲ್ಲಿ ಹೊಣೆಗಾರ ಯಾರು? ಕ್ಯಾಪ್ಟನ್ ಒಬ್ಬರೇ. ಕೈ ತಗುಲಿದರೂ ಚುಕ್ಕಾಣಿ ಕಡಿದುಹೋಗುವಂಥ ಹಿಡಿಕೆಯನ್ನು ಅಲ್ಲಿ ಇಟ್ಟವರಲ್ಲ, ಭರತ ತಪ್ಪಬಾರದು ಅಂತ ಒತ್ತಡ ಹಾಕಿದವರಲ್ಲ.

ಹೋಗಲಿ, ಅದು ಹಳೆಯ ಕಾಲ ಅನ್ನುತ್ತೀರಾ? 57 ವರ್ಷ ಮುಂದೆ ಬನ್ನಿ. 2024ರ ಅಕ್ಟೋಬರ್ 5. ನ್ಯೂಜಿಲೆಂಡ್ ನೌಕಾಪಡೆಯ 'ಮಾನವಾನುಯಿ' ಎಂಬ ಸರ್ವೆ ಹಡಗು ಸಮೋವಾ ದ್ವೀಪದ ಹವಳದ ದಂಡೆಯ ಹತ್ತಿರ ಕೆಲಸ ಮಾಡುತ್ತಿತ್ತು. ತಿರುಗಿಸಿದರೆ ತಿರುಗುತ್ತಿಲ್ಲ. ಯಂತ್ರ ಕೆಟ್ಟಿದೆ ಅಂತ ಬ್ರಿಜ್ಜಿನಲ್ಲಿದ್ದವರು ತಿಳಿದರು. ಯಂತ್ರ ಸರಿಯಾಗಿಯೇ ಇತ್ತು. ಆಟೋಪೈಲಟ್ ಇನ್ನೂ ಹಾಕಿಯೇ ಇತ್ತು, ತಾನು ಹಿಡಿದ ದಿಕ್ಕನ್ನು ನಿಷ್ಠೆಯಿಂದ ಹಿಡಿದು ಹಡಗನ್ನು ಹವಳದ ಮೇಲೆ ಹತ್ತಿಸಿತು. ಪುಣ್ಯಕ್ಕೆ 75 ಜನರೂ ಬದುಕಿದರು. ಹಡಗು ಬೆಂಕಿ ಹತ್ತಿ ಮರುದಿನ ಮುಳುಗಿತು. ಕಮಾಂಡರ್ ಒಬ್ಬ ಮಹಿಳೆ. 'ಹೆಂಗಸಿನ ಕೈಗೆ ಹಡಗು ಕೊಟ್ಟರೆ ಇನ್ನೇನಾಗುತ್ತದೆ' ಅಂತ ಕೀಬೋರ್ಡ್ ಶೂರರು ಕುಣಿದರು. 1967ರಲ್ಲಿ ಗಂಡಸಿನ ಕೈಯಲ್ಲೂ ಹೆಚ್ಚುಕಡಿಮೆ ಇದೇ ಆಗಿತ್ತಲ್ಲ, ಆಗ ಯಾರನ್ನು ಬೈದರು? ವಿಚಾರಣೆ ಮಾನವ ದೋಷವನ್ನು ಹೇಳಿತು, ಜೊತೆಗೆ ತರಬೇತಿ, ಅನುಭವದ ಕೊರತೆಯನ್ನೂ ಹೇಳಿತು. ಎರಡನೆಯದು ಯಾರ ತಲೆಯಲ್ಲೂ ಉಳಿಯಲಿಲ್ಲ.

ನಡುವೆ ಇನ್ನೊಂದು. 1995ರ ಜೂನ್, 'ರಾಯಲ್ ಮೆಜೆಸ್ಟಿ' ಎಂಬ ಪ್ರವಾಸಿ ಹಡಗು, ಬರ್ಮುಡಾದಿಂದ ಬೋಸ್ಟನ್ನಿಗೆ. ಹೊರಟು ಒಂದು ಗಂಟೆಯೊಳಗೆ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ಜಿಪಿಎಸ್ ನಿಲ್ಲಲಿಲ್ಲ. ವೇಗ ಮತ್ತು ದಿಕ್ಕಿನ ಅಂದಾಜಿನ ಮೇಲೆ 'ನಾವು ಇಲ್ಲಿರಬಹುದು' ಅಂತ ಅಂಕಿ ಕೊಡುತ್ತಾ ಹೋಯಿತು. ಅಂದಾಜು ಅಂತ ಸೂಚಿಸಲು ಪರದೆಯಲ್ಲಿ ಎರಡು ಪುಟ್ಟ ಅಕ್ಷರ, ಅಷ್ಟೇ. ಆಟೋಪೈಲಟ್ ಅದನ್ನೇ ನಂಬಿತು. ಅಧಿಕಾರಿಗಳು ಆಟೋಪೈಲಟ್ಟನ್ನು ನಂಬಿದರು. 34 ಗಂಟೆ! ಪಕ್ಕದಲ್ಲೇ ಇದ್ದ ಲೋರಾನ್ ಯಂತ್ರ ನಿಜ ಹೇಳುತ್ತಿತ್ತು, ಅದರ ಮುಖ ಯಾರೂ ನೋಡಲಿಲ್ಲ. ಆಳ ಕಡಿಮೆಯಾದರೆ ಹೊಡೆಯಬೇಕಾದ ಅಲಾರ್ಮನ್ನು ಸೊನ್ನೆ ಮೀಟರಿಗೆ ಇಟ್ಟಿದ್ದರು. 1,500ಕ್ಕೂ ಹೆಚ್ಚು ಜನರನ್ನು ಹೊತ್ತ ಹಡಗು ದಾರಿಯಿಂದ 17 ಮೈಲಿ ಆಚೆ, ನ್ಯಾಂಟಕೆಟ್ ಬಳಿಯ ಮರಳಿನ ಮೇಲೆ ಕೂತಿತು. ಯಾರೂ ಸಾಯಲಿಲ್ಲ ಅನ್ನುವುದೊಂದೇ ಸಮಾಧಾನ.

ಇಲ್ಲಿ ಅಧಿಕಾರಿಗಳದು ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಕಾಣಬೇಕಿದ್ದ ತೇಲುಗುರುತು ಕಾಣದಿದ್ದರೂ ಕಂಡೆ ಅಂತ ಹೇಳಿದವನನ್ನು ಹೇಗೆ ಸಮರ್ಥಿಸಿಕೊಳ್ಳಲಿ? ಆದರೆ ಅವನು ಯಾಕೆ ಹಾಗೆ ಮಾಡಿದ? ವರ್ಷಗಟ್ಟಲೆ ಯಂತ್ರ ಸರಿಯಾಗಿಯೇ ಹೇಳಿತ್ತು. ದಿನಾ ಸರಿ ಹೇಳುವವನನ್ನು ಅನುಮಾನಿಸುವುದು ಮನುಷ್ಯನ ಸ್ವಭಾವದಲ್ಲಿಲ್ಲ. ಅದನ್ನು ಅಭ್ಯಾಸದಿಂದಲೇ ಕಲಿಸಬೇಕು. ಅಭ್ಯಾಸಕ್ಕೆ ಹೊತ್ತು ಬೇಕು, ಜನ ಬೇಕು, ಅದಕ್ಕೆ ದುಡ್ಡು ಬೇಕು.

ದುಡ್ಡಿನ ಮಾತು ಬಂದಾಗ 'ಅಮೊಕೊ ಕಾಡಿಜ್' ನೆನಪಾಗದೆ ಇರುವುದಿಲ್ಲ. 1978ರ ಮಾರ್ಚ್ 16ರ ಬೆಳಿಗ್ಗೆ ಫ್ರಾನ್ಸಿನ ಬ್ರಿಟನಿ ತೀರದಾಚೆ ಈ ತೈಲದ ಹಡಗಿನ ಸ್ಟೀರಿಂಗ್ ಕೆಟ್ಟಿತು. ಚುಕ್ಕಾಣಿ ತಿರುಗಿಸುವ ಹೈಡ್ರಾಲಿಕ್ ಎಣ್ಣೆ ಸೋರಿಹೋಗಿತ್ತು. ಬಿರುಗಾಳಿ. ಎಳೆಯಲು ಬಂದ ಟಗ್ಗಿನ ಜೊತೆ ಯಾವ ಕರಾರಿನ ಮೇಲೆ ಎಳೆಯುವುದು ಅನ್ನುವ ಚೌಕಾಸಿ ಬೇರೆ. ರಾತ್ರಿಯಾಗುವಷ್ಟರಲ್ಲಿ ಹಡಗು ಪೋರ್ಸಾಲ್ ಬಂಡೆಗಳ ಮೇಲಿತ್ತು. ಸುಮಾರು 2 ಲಕ್ಷ 20 ಸಾವಿರ ಟನ್ ತೈಲ ಸಮುದ್ರದ ಪಾಲು. ಇಲ್ಲೂ ಮೊದಲು ಎಲ್ಲರ ಕಣ್ಣು ಬಿದ್ದದ್ದು ಕ್ಯಾಪ್ಟನ್ನನ ಮೇಲೆಯೇ. ಆದರೆ ಫ್ರೆಂಚರು ಬಿಡಲಿಲ್ಲ, ಅಮೆರಿಕದ ಕೋರ್ಟಿಗೆ ಹೋದರು. 1984ರಲ್ಲಿ ಷಿಕಾಗೋದ ನ್ಯಾಯಾಧೀಶರು ಹೇಳಿದರು: ಸ್ಟೀರಿಂಗ್ ಯಂತ್ರವನ್ನು ಸರಿಯಾಗಿ ನೋಡಿಕೊಳ್ಳದ, ಸಿಬ್ಬಂದಿಗೆ ಸರಿಯಾದ ತರಬೇತಿ ಕೊಡದ ಮಾಲೀಕ ಕಂಪನಿಯೇ ಹೊಣೆ. ಟ್ಯಾಂಕರುಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಇರುವಂತೆ ಸ್ಟೀರಿಂಗ್ ವ್ಯವಸ್ಥೆ ಕಡ್ಡಾಯವಾದದ್ದು ಈ ದುರಂತದ ನಂತರ. ನೋಡಿ, ಪ್ರಶ್ನೆಯನ್ನು ಬ್ರಿಜ್ಜಿನಲ್ಲೇ ನಿಲ್ಲಿಸದೆ ಆಫೀಸಿನವರೆಗೆ ಒಯ್ದರೆ ಹಡಗೇ ಸುಧಾರಿಸುತ್ತದೆ. ಕ್ಯಾಪ್ಟನ್ನನ ಲೈಸೆನ್ಸ್ ಕಿತ್ತುಕೊಂಡರೆ ಅವನ ಸಂಸಾರ ಬೀದಿಗೆ ಬರುತ್ತದೆ, ಅಷ್ಟೇ.

ಹಾಗಂತ ನಿಯಮಗಳಿಲ್ಲವೇ? ಬೇಕಾದಷ್ಟಿವೆ. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ, ನಾವು 'ಸೋಲಾಸ್' ಅನ್ನುವುದು, ಸ್ಪಷ್ಟವಾಗಿ ಹೇಳುತ್ತದೆ. ಬಹಳ ಹೊತ್ತು ಆಟೋಪೈಲಟ್ ಬಳಸಿದ ಮೇಲೆ, ಮತ್ತು ಅಪಾಯದ ಜಾಗ ಹೊಗುವ ಮುಂಚೆ, ಕೈ ಸ್ಟೀರಿಂಗನ್ನು ಪರೀಕ್ಷಿಸಬೇಕು. ಬಂದರು ಬಿಡುವ 12 ಗಂಟೆಯೊಳಗೆ ಸ್ಟೀರಿಂಗ್ ಪರೀಕ್ಷೆ ಆಗಬೇಕು. ಮೂರು ತಿಂಗಳಿಗೊಮ್ಮೆಯಾದರೂ ಹಡಗಿನ ಹಿಂಬದಿಯ ಸ್ಟೀರಿಂಗ್ ಕೋಣೆಗೆ ಇಳಿದು ಅಲ್ಲಿಂದಲೇ ಚುಕ್ಕಾಣಿ ತಿರುಗಿಸುವ ಅಭ್ಯಾಸ ಮಾಡಬೇಕು. ಕರೆಂಟು ಬೇಡದ ಅಯಸ್ಕಾಂತದ ಕಂಪಾಸ್ ಇರಲೇಬೇಕು. ರಾತ್ರಿ ಹೊತ್ತು ಅಧಿಕಾರಿಯ ಜೊತೆ ಇನ್ನೊಬ್ಬ ಕಾವಲಿರಬೇಕು ಅಂತಲೂ ನಿಯಮವಿದೆ. 24 ಗಂಟೆಯಲ್ಲಿ 10 ಗಂಟೆಯಾದರೂ ವಿಶ್ರಾಂತಿ ಇರಬೇಕು ಅಂತಲೂ ಇದೆ.

ಇವೆಲ್ಲ ನಡೆಯುತ್ತವೆ, ಕಾಗದದ ಮೇಲೆ. ಕಾವಲಿನವನನ್ನು 'ನಾಳೆ ಹಗಲು ಹ್ಯಾಚ್ ತೊಳೆಯಲು ಬೇಕು, ಹೋಗಿ ಮಲಗು' ಅಂತ ಕಳಿಸಿದ ಹಡಗುಗಳಲ್ಲಿ ನಾನೇ ಕೆಲಸ ಮಾಡಿದ್ದೇನೆ. ಪುಸ್ತಕದಲ್ಲಿ ಅವನು ಬ್ರಿಜ್ಜಿನಲ್ಲಿರುತ್ತಾನೆ. ವಿಶ್ರಾಂತಿಯ ದಾಖಲೆಯಂತೂ ಕೇಳಲೇಬೇಡಿ. 2020ರಲ್ಲಿ ಸ್ವೀಡನ್ನಿನ ಮಾಲ್ಮೋದಲ್ಲಿರುವ ವರ್ಲ್ಡ್ ಮ್ಯಾರಿಟೈಮ್ ಯೂನಿವರ್ಸಿಟಿಯವರು ಇದರ ಮೇಲೆ ಅಧ್ಯಯನ ಮಾಡಿ, ದಾಖಲೆಯನ್ನು 'ಹೊಂದಿಸುವುದು' ಒಂದು ಸಂಸ್ಕೃತಿಯೇ ಆಗಿಬಿಟ್ಟಿದೆ ಅಂತ ಬರೆದರು. ಇನ್ಸ್‌ಪೆಕ್ಟರ್ ಬರುತ್ತಾನೆ, ಫೈಲು ಕೇಳುತ್ತಾನೆ, ಸಹಿ ಇದೆಯೇ ನೋಡುತ್ತಾನೆ, ಹೋಗುತ್ತಾನೆ. 'ಬಾ, ಸ್ಟೀರಿಂಗ್ ಕೋಣೆಗೆ ಇಳಿದು ಚುಕ್ಕಾಣಿ ತಿರುಗಿಸಿ ತೋರಿಸು' ಅನ್ನುವ ಇನ್ಸ್‌ಪೆಕ್ಟರುಗಳೂ ಇದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕವರು ಇಬ್ಬರು.

ನಾನು ಯಂತ್ರದ ವಿರೋಧಿಯಲ್ಲ. ನಡು ಸಾಗರದಲ್ಲಿ ಆಟೋಪೈಲಟ್ ಮನುಷ್ಯನಿಗಿಂತ ನೆಟ್ಟಗೆ ಹಡಗು ಹಿಡಿಯುತ್ತದೆ, ಇಂಧನ ಉಳಿಸುತ್ತದೆ. ನಾಲ್ಕು ಗಂಟೆ ವೀಲ್ ಹಿಡಿದು ನಿಂತ ಸೊಂಟಕ್ಕೆ ಅದರ ಬೆಲೆ ಗೊತ್ತು. ಈಗಿನ ಹಡಗುಗಳಲ್ಲಿ ಎರಡೆರಡು ಜೈರೋ ಇವೆ, ಒಂದನ್ನು ಇನ್ನೊಂದಕ್ಕೆ ಹೋಲಿಸಿ ಎಚ್ಚರಿಸುವ ಅಲಾರ್ಮೂ ಇದೆ. ಒಳ್ಳೆಯದೇ. ಆದರೆ ಆ ಅಲಾರ್ಮ್ ಬಾಯಿ ಮುಚ್ಚಿಸುವ ಬಟನ್ನೂ ಪಕ್ಕದಲ್ಲೇ ಇದೆ. ರಾತ್ರಿಯೆಲ್ಲ ಹತ್ತು ಥರದ ಅಲಾರ್ಮ್ ಕೂಗುವಾಗ ನಿದ್ದೆಗಣ್ಣಿನ ಹುಡುಗ ಯಾವುದು ನರಿ, ಯಾವುದು ತೋಳ ಅಂತ ಹೇಗೆ ಗುರುತಿಸಬೇಕು?

ಇನ್ನೂ ಹೊಸ ಯಂತ್ರ ತಂದರೆ ಸರಿಹೋಗುತ್ತದೆ ಅನ್ನುವವರಿಗೆ ಹೋರ್ಮುಜ್ ಜಲಸಂಧಿ ತೋರಿಸುತ್ತೇನೆ. 2025ರ ಜೂನಿನಲ್ಲಿ ಇರಾನ್ ಇಸ್ರೇಲ್ ಯುದ್ಧದ ಹೊತ್ತಿಗೆ ಅಲ್ಲಿ ಜಿಪಿಎಸ್ ಸಿಗ್ನಲ್ಲನ್ನೇ ಕೆಡಿಸಿಬಿಟ್ಟಿದ್ದರು. ನೂರಾರು ಹಡಗುಗಳು ಪರದೆಯ ಮೇಲೆ ಎಲ್ಲೆಲ್ಲೋ, ನೆಲದ ಮೇಲೆಲ್ಲ ನಿಂತಿದ್ದವು. ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಯಾವುದು? ಕಿಟಕಿಯಾಚೆ ನೋಡುವ ಕಣ್ಣು, ರೇಡಾರಿನಲ್ಲಿ ಗುಡ್ಡದ ತುದಿ ಹಿಡಿದು ಅಳೆಯುವ ಕೈ, ತಾರಸಿಯ ಮೇಲಿನ ಆ ಹಳೆಯ ಕಂಪಾಸ್. ಅದನ್ನು ಬಳಸಲು ಬರುವವರು ಇರಬೇಕಲ್ಲ? ದಿನಾ ಮುಟ್ಟದ ವಿದ್ಯೆ ಯುದ್ಧದ ರಾತ್ರಿ ಕೈಗೆ ಬರುವುದಿಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ದಿನಕ್ಕೆ ಅರ್ಧ ಗಂಟೆ ಪ್ರತಿಯೊಬ್ಬ ಖಲಾಸಿಯ ಕೈಗೂ, ಪ್ರತಿಯೊಬ್ಬ ಕೆಡೆಟ್‌ನ ಕೈಗೂ ವೀಲ್ ಕೊಡಿ. ಆಟೋಪೈಲಟ್ಟಿನಿಂದ ಕೈಗೆ, ಕೈಯಿಂದ ಹಿಂಬದಿಯ ಕೋಣೆಗೆ ಬದಲಾಯಿಸುವುದು ಕತ್ತಲಲ್ಲೂ ಬರುವ ಹಾಗೆ ಮಾಡಿಸಿ. ಕಂಪಾಸ್ ಪುಸ್ತಕದಲ್ಲಿ ನಾಲ್ಕು ದಿನ ಒಂದೇ ಅಂಕಿ ಕಂಡರೆ ಸಹಿ ಹಾಕುವ ಬದಲು ಕರೆದು ಕೇಳಿ. ರಾತ್ರಿಯ ಕಾವಲಿನವನನ್ನು ಉಳಿಸಿಕೊಳ್ಳಿ, ಅವನ ಸಂಬಳ ನಿಮ್ಮ ಒಂದು ದಿನದ ಇಂಧನದ ಖರ್ಚಿನ ಮುಂದೆ ಏನೂ ಅಲ್ಲ. ಇನ್ನು ಅಪಘಾತವಾದರೆ, ಮೊದಲ ಪ್ರಶ್ನೆಯನ್ನು ಬೇಕಾದರೆ ಬ್ರಿಜ್ಜಿನಲ್ಲೇ ಕೇಳಿ. ಎರಡನೆಯದನ್ನು ಆಫೀಸಿನಲ್ಲಿ ಕೇಳಿ.

ಗೃಹಪ್ರವೇಶದ ಆ ಹಿರಿಯರ ಮೇಲೆ ನನಗೆ ಈಗ ಸಿಟ್ಟಿಲ್ಲ. ಕೈ ತೊಳೆಯುವಾಗ ಗೊತ್ತಾಯಿತು, ಅವರ ಮೊಮ್ಮಗನೇ ಈ ವರ್ಷ ಕೆಡೆಟ್ ಆಗಿ ಹಡಗು ಹತ್ತುತ್ತಿದ್ದಾನಂತೆ. ಹೆಮ್ಮೆಯಿಂದ ಹೇಳಿದರು. ಮುಂಬಯಿ, ಪುಣೆಯ ನಮ್ಮ ಜನರಲ್ಲಿ ಮನೆಗೊಬ್ಬರಲ್ಲದಿದ್ದರೂ ನೆಂಟರಲ್ಲೊಬ್ಬ ಹುಡುಗ ಹಡಗಿನಲ್ಲಿದ್ದೇ ಇರುತ್ತಾನೆ. ರಜೆಗೆ ಬಂದಾಗ ಡಾಲರ್ ಎಷ್ಟು, ಯಾವ ದೇಶ ನೋಡಿದೆ ಅಂತ ಕೇಳುತ್ತೇವೆ. ಕೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಇದೊಂದನ್ನೂ ಕೇಳಿ: "ಮಗಾ, ನೀನು ಕೊನೇ ಸಲ ಕೈಯಲ್ಲಿ ಚುಕ್ಕಾಣಿ ಹಿಡಿದದ್ದು ಯಾವಾಗ?"

ಅವನು ತಲೆ ಕೆರೆದುಕೊಂಡರೆ ಅವನನ್ನು ಬೈಯಬೇಡಿ. ಅವನ ಕಂಪನಿಗೆ ಬೈಯಿರಿ.